ರಾಕೆಟ್ಟಿಗೂ ಬೇಕು ವಾರ್ನಿಷ್

ನೆಲ ಒರೆಸಿದ ಕೂಡಲೇ ಕಡಪ ಕಲ್ಲನ್ನು ಗಮನವಿಟ್ಟು ನೋಡಿದ್ದೀರಾ? ಒದ್ದೆ ಇರುವಷ್ಟು ಹೊತ್ತು ಅಚ್ಚ ಕಪ್ಪು, ಮುಖ ಕಾಣುವಷ್ಟು ಹೊಳಪು. ಫ್ಯಾನಿನ ಗಾಳಿಗೆ ಆರಿತೋ, ಮತ್ತೆ ಅದೇ ಬೂದು ಮೋರೆ. ಕಲ್ಲು ಅದೇ, ಅದರ ಬಣ್ಣವೂ ಅದೇ. ಕಲ್ಲಿನ ಮೈಮೇಲೆ ಕಣ್ಣಿಗೆ ಕಾಣದ ಸಾವಿರಾರು ಗುಳಿಗಳಿರುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ದಿಕ್ಕಾಪಾಲಾಗಿ ಚೆದುರುವುದರಿಂದ ಬಣ್ಣ ಮಾಸಿದಂತೆ ತೋರುತ್ತದೆ. ನೀರು ಆ ಗುಳಿಗಳನ್ನೆಲ್ಲ ತುಂಬಿ ಮೈಯನ್ನು ಸಮ ಮಾಡುತ್ತದೆ, ಅಷ್ಟೇ. ಈ ಒದ್ದೆಯ ಹೊಳಪನ್ನು ಆರಿ ಹೋಗದಂತೆ ಹಿಡಿದಿಡುವ ವಿದ್ಯೆಗೆ ವಾರ್ನಿಷ್ ಎನ್ನಿ, ಲ್ಯಾಕರ್ ಎನ್ನಿ, ಈಗಿನ ಹುಡುಗರ ಬಾಯಲ್ಲಿ ಕ್ಲಿಯರ್ ಕೋಟ್ ಎನ್ನಿ. ಒಟ್ಟಿನಲ್ಲಿ ಬಣ್ಣವಿಲ್ಲದ ಬಣ್ಣ.

ಈ ವಿದ್ಯೆಯನ್ನು ನಾನು ಕಲಿತದ್ದು ನೆಲದಿಂದಲ್ಲ, ಬಾಗಿಲು ಕಿಟಕಿಗಳಿಂದಲೂ ಅಲ್ಲ, ರಾಕೆಟ್ಟಿನಿಂದ! ನಗಬೇಡಿ ಸೋದರಿಯರೇ, ಪೂರ್ತಿ ಕೇಳಿ.

ನಾವಿರುವುದು ಅಮೆರಿಕದ ಅಲಬಾಮ ರಾಜ್ಯದ ಹಂಟ್ಸ್‌ವಿಲ್ ಎಂಬ ಊರಿನಲ್ಲಿ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಸ್ಯಾಟರ್ನ್-5 ರಾಕೆಟ್ ರೂಪುಗೊಂಡದ್ದು ಇಲ್ಲಿನ ಮಾರ್ಷಲ್ ಕೇಂದ್ರದಲ್ಲಿ. ಅದರ ಪೂರ್ಣ ಗಾತ್ರದ ಪ್ರತಿಕೃತಿಯೊಂದನ್ನು 1999ರಲ್ಲಿ ಇಲ್ಲಿ ನೆಟ್ಟಗೆ ನಿಲ್ಲಿಸಿದ್ದಾರೆ. 363 ಅಡಿ ಎತ್ತರ. ನಮ್ಮೂರಿನಲ್ಲಿ ದೂರದಿಂದ ಬರುವವರಿಗೆ ಮೊದಲು ದೇವಸ್ಥಾನದ ಗೋಪುರ ಕಾಣುವ ಹಾಗೆ ಇಲ್ಲಿ ಹೆದ್ದಾರಿಯಲ್ಲಿ ಬರುವವರಿಗೆ ಮೊದಲು ಕಾಣುವುದು ರಾಕೆಟ್ಟೇ. ಇಂಥ ಊರಲ್ಲಿ ಬೆಳೆಯುವ ಹುಡುಗ ಬೇರೇನು ಆಡಿಯಾನು? ನಮ್ಮವನಿಗೆ ಹತ್ತು ತುಂಬಿದಾಗಿನಿಂದ ಆಟಿಕೆ ರಾಕೆಟ್ಟಿನ ಹುಚ್ಚು ಹಿಡಿದಿದೆ.

ಆಟಿಕೆ ಎಂದೆನಲ್ಲ, ಅದು ನಿಜವಾಗಿ ಹಾರುತ್ತದೆ. ಕಾಗದದ ಗಟ್ಟಿ ಕೊಳವೆಯೇ ಅದರ ಮೈ. ರೆಕ್ಕೆಗಳು ಬೆಂಡಿನ ಹಾಗೆ ಹಗುರಾದ ಬಾಲ್ಸಾ ಮರದವು, ಮೂತಿ ಪ್ಲಾಸ್ಟಿಕ್ಕಿನದು. ಬುಡದಲ್ಲಿ ಹೆಬ್ಬೆರಳು ಗಾತ್ರದ ಎಂಜಿನ್ನನ್ನು ತೂರಿಸಿ, ಹದಿನೈದು ಅಡಿ ದೂರ ನಿಂತು ವಿದ್ಯುತ್ ಗುಂಡಿ ಒತ್ತಿದರೆ ಸುಯ್ಯೆಂದು ಮೇಲೇರುತ್ತದೆ. ತುದಿ ಮುಟ್ಟಿದಾಗ ಎಂಜಿನ್ನಿನ ಇನ್ನೊಂದು ಬದಿಯ ಚೂರು ಮದ್ದು ಸಿಡಿದು ಮೂತಿಯನ್ನು ಹೊರದಬ್ಬುತ್ತದೆ. ಒಳಗೆ ಮಡಿಸಿಟ್ಟ ಪ್ಯಾರಾಚೂಟು ಬಿಚ್ಚಿಕೊಂಡು ರಾಕೆಟ್ ಮೆಲ್ಲಗೆ ಇಳಿಯುತ್ತದೆ. ಇನ್ನೊಂದು ಎಂಜಿನ್ ಹಾಕಿದರೆ ಮತ್ತೆ ಹಾರಲು ಸಿದ್ಧ.

ಇದರ ಹಿಂದೊಂದು ಕಥೆಯಿದೆ, ತಾಯಂದಿರು ತಿಳಿಯಬೇಕಾದದ್ದು. 1957ರಲ್ಲಿ ರಷ್ಯದವರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಹುಡುಗರಿಗೆಲ್ಲ ರಾಕೆಟ್ಟಿನ ಗೀಳು ಹತ್ತಿತು. ಕಬ್ಬಿಣದ ಕೊಳವೆಗೆ ಮದ್ದು ಜಡಿದು ಬೆಂಕಿ ಇಟ್ಟು ಬೆರಳು, ಕಣ್ಣು ಕಳೆದುಕೊಂಡವರು ಎಷ್ಟೋ ಮಂದಿ. ಅದಕ್ಕೆ ಮೊದಲೇ, 1954ರಲ್ಲಿ, ನೆಬ್ರಾಸ್ಕದ ಒಂದು ಸಣ್ಣ ಊರಿನಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿದ್ದ ಆರ್ವಿಲ್ ಕಾರ್ಲೈಲ್ ಎಂಬಾತ, ವಿಮಾನದ ಮಾದರಿಗಳನ್ನು ಮಾಡುತ್ತಿದ್ದ ತನ್ನ ಸೋದರನ ಜೊತೆ ಸೇರಿ ಕಾಗದದ ರಾಕೆಟ್ ಮಾಡಿದ್ದ. ಹ್ಯಾರಿ ಸ್ಟೈನ್ ಎಂಬ ರಾಕೆಟ್ ತಜ್ಞ ಅದನ್ನು ಮಕ್ಕಳ ಸುರಕ್ಷಿತ ಹವ್ಯಾಸವಾಗಿ ಬೆಳೆಸಿದ. ವರ್ನ್ ಎಸ್ಟೆಸ್, ಆತನ ಹೆಂಡತಿ ಗ್ಲೀಡಾ ಇಬ್ಬರೂ ಸೇರಿ ಕೊಲರಾಡೋದಲ್ಲಿ ಎಂಜಿನ್ ಮಾಡುವ ಉದ್ಯಮ ಕಟ್ಟಿದರು. ಇವರೆಲ್ಲರ ನಿಯಮ ಒಂದೇ: ಮದ್ದನ್ನು ಮಕ್ಕಳು ಮುಟ್ಟಕೂಡದು, ಮೈಯಲ್ಲಿ ಕಬ್ಬಿಣ ಇರಕೂಡದು. ದೀಪಾವಳಿಯಲ್ಲಿ ಪಟಾಕಿ ಬಿಚ್ಚಿ ಮದ್ದು ಕೂಡಿಡುವ ಶೂರರು ನಿಮ್ಮ ಮನೆಯಲ್ಲೂ ಇದ್ದರೆ ಕಿವಿ ಹಿಂಡಿ ಈ ಕಥೆ ಹೇಳಿ.

ಇನ್ನು ಹೊಳಪಿನ ವಿಷಯಕ್ಕೆ ಬರೋಣ. ಮಗನ ಮೊದಲ ರಾಕೆಟ್ಟಿಗೆ ಕೆಂಪು ಎನಾಮಲ್ ಬಣ್ಣ ಹೊಡೆದು, ಮಾರನೆಯ ದಿನವೇ ಅದರ ಮೇಲೆ ಕ್ಲಿಯರ್ ಹೊಡೆದ. ನಾವು ನೋಡುತ್ತಿದ್ದ ಹಾಗೇ ಮೈಯೆಲ್ಲ ಸುಕ್ಕುಗಟ್ಟಿತು, ಕಾಯಿಸಿಟ್ಟ ಹಾಲಿನ ಕೆನೆ ಮುದುಡುವ ಹಾಗೆ. ಹುಡುಗ ಅತ್ತೇಬಿಟ್ಟ. ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಎರಡನೆಯ ಕೈ ಹೊಡೆಯುವುದಾದರೆ ಒಂದು ಗಂಟೆಯೊಳಗೆ ಹೊಡೆಯಿರಿ, ಇಲ್ಲವೇ 48 ಗಂಟೆ ಕಳೆಯಲಿ. ಯಾಕೆ ಗೊತ್ತೇ? ಎನಾಮಲ್ ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತದೆ. ಮೊದಲ ಗಂಟೆಯಲ್ಲಿ ಇಡೀ ಬಣ್ಣ ಹಸಿಯಾಗಿರುವುದರಿಂದ ಹೊಸ ಕೈ ಅದರೊಡನೆ ಬೆರೆತುಕೊಳ್ಳುತ್ತದೆ. ಎರಡು ದಿನ ಕಳೆದರೆ ಒಳಗೂ ಗಟ್ಟಿ. ನಡುವಿನ ಹೊತ್ತಿನಲ್ಲಿ ಮೇಲೆ ಕೆನೆ, ಒಳಗೆ ಹಸಿ. ಆಗ ಹೊಡೆದರೆ ಹೊಸ ಕೈಯಲ್ಲಿರುವ ದ್ರಾವಕ ಕೆನೆಯೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ಹಿಗ್ಗಲು ಜಾಗವಿಲ್ಲದೆ ಅದು ಸುಕ್ಕಾಗುತ್ತದೆ. ಎನಾಮಲ್ಲಿನ ಮೇಲೆ ಲ್ಯಾಕರ್ ಹೊಡೆಯುವಾಗಲಂತೂ ಎರಡು ದಿನವೂ ಸಾಲದು, ವಾರ ಬಿಡುವುದು ಕ್ಷೇಮ. ಲ್ಯಾಕರಿನ ದ್ರಾವಕ ಬಲು ತೀಕ್ಷ್ಣ. ಇನ್ನೂ ಒಳ್ಳೆಯ ಉಪಾಯವೆಂದರೆ ಅಡುಗೆಮನೆಯ ಕಾಗದದ ಟವೆಲ್ ಸುತ್ತಿರುತ್ತದಲ್ಲ, ಆ ಖಾಲಿ ಕೊಳವೆಗೆ ಇದೇ ಬಣ್ಣ, ಇದೇ ಕ್ಲಿಯರ್ ಹೊಡೆದು ನೋಡುವುದು. ಒಂದು ದೋಸೆ ಹುಯ್ದು ಕಾವಲಿಯ ಕಾವು ನೋಡುವುದಿಲ್ಲವೇ, ಹಾಗೆ.

2023ರ ಏಪ್ರಿಲ್ ಕೊನೆಯಲ್ಲಿ ನಮ್ಮ ಅತ್ತೆ ಬಂದರು. ಅವರದು ಹೊಸನಗರದ ಕಡೆ. ಮಾವ ತೀರಿಕೊಂಡು ಎರಡು ವರ್ಷವಾಗಿತ್ತು. ಆರು ತಿಂಗಳು ಇದ್ದು ಹೋಗಲಿ, ಮನಸ್ಸಿಗೂ ಬದಲಾವಣೆ ಎಂದು ಕರೆಸಿಕೊಂಡೆವು. ಬಂದವರು ಮಾತೇ ಆಡುತ್ತಿರಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದು, ಸ್ನಾನ ಮುಗಿಸಿ, ಕಿಟಕಿಯ ಹತ್ತಿರ ಕೂರುವರು. ಹುಡುಗನಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ನಾಲಿಗೆ ಹೊರಳದು. ಅತ್ತೆಗೆ ಇಂಗ್ಲಿಷ್ ಬಾರದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುವುದು, ಅಷ್ಟೇ ವ್ಯವಹಾರ.

ನಮ್ಮತ್ತೆಯ ರಂಗೋಲಿ ಎಂದರೆ ಆ ಸೀಮೆಗೆಲ್ಲ ಹೆಸರುವಾಸಿ. ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆ ನಾನು ಅಂಗಳಕ್ಕೆ ಕಾಲಿಡಲು ಹೆದರಿ ಮೆಟ್ಟಿಲ ಮೇಲೇ ನಿಂತಿದ್ದೆ, ಅಷ್ಟು ದೊಡ್ಡದು. ಮಾವ ಹೋದ ಮೇಲೆ ಅವರು ರಂಗೋಲಿ ಡಬ್ಬಿ ಮುಟ್ಟಲಿಲ್ಲ. ಬೇಡವೆಂದು ಯಾರೂ ಹೇಳಲಿಲ್ಲ, ಇಡಿ ಎಂದೂ ಹೇಳಲಿಲ್ಲ. ಡಬ್ಬಿಯನ್ನು ತಾವಾಗಿಯೇ ಅಟ್ಟದ ಮೇಲಿಟ್ಟರಂತೆ. ಕೆಲಸಕ್ಕೆ ಬರುವ ಹುಡುಗಿ ಬಾಗಿಲಿಗೆ ನಾಲ್ಕು ಗೆರೆ ಎಳೆದು ಹೋಗುತ್ತಾಳೆ. ಇಂಥ ವಿಷಯಗಳನ್ನು ಮನೆಗಳಲ್ಲಿ ಮಾತಾಡುವ ಪದ್ಧತಿಯಿಲ್ಲ. ನಿಮಗೆ ಗೊತ್ತೇ ಇದೆ.

ಹುಡುಗನ ರಾಕೆಟ್ ನೋಡಿ ಅವರು ಬೆರಗಾಗಲಿಲ್ಲ ಎಂಬುದು ನನಗೆ ಬೆರಗು. "ನಮ್ಮ ನಗರದ ಬಾವೀಲಿ ರಾಶಿ ರಾಶಿ ಸಿಕ್ಕಿತ್ತಲ್ಲೇ," ಎಂದರು. ಹೌದು, 2018ರಲ್ಲಿ ಬಿದನೂರು ನಗರದ ಕೋಟೆಯ ಪಾಳುಬಾವಿಯೊಂದರಲ್ಲಿ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಆ ಕಬ್ಬಿಣದ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ಮಾಡಿದ್ದು. ಇದನ್ನೆಲ್ಲ ಮಗನಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ಅಜ್ಜಿಯ ಊರಿನಲ್ಲಾ?" ಎಂದು ಅವನು ಅಜ್ಜಿಯ ಕಡೆ ತಿರುಗಿ ನೋಡಿದ ನೋಟವೇ ಬೇರೆ. ಅಂದಿನಿಂದ ಮೇಜಿನ ಆ ಬದಿಯ ಕುರ್ಚಿ ಅಜ್ಜಿಯದಾಯಿತು.

ಆಗ ಅವನು ಮಾಡುತ್ತಿದ್ದದ್ದು ಬಿಗ್ ಬರ್ತಾ ಎಂಬ ಮಾದರಿ. ಎರಡಡಿ ಉದ್ದ, ಬುಡದಲ್ಲಿ ನಾಲ್ಕು ದೊಡ್ಡ ರೆಕ್ಕೆ. ಕಾಗದದ ಕೊಳವೆಯ ಮೈಮೇಲೆ ಸುರುಳಿ ಸುರುಳಿಯಾಗಿ ಸೀಳುಗೆರೆ ಇರುತ್ತದೆ; ಬಾಲ್ಸಾ ಮರದಲ್ಲಿ ಎಳೆ ಎದ್ದು ಕಾಣುತ್ತದೆ. ಮರದ ಲಪ್ಪವನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಇವುಗಳಿಗೆ ಬಳಿದು, ಒಣಗಿದ ಮೇಲೆ ಉಜ್ಜಬೇಕು. ಮರಳುಕಾಗದದಲ್ಲಿ, ಬಡಗಿಗಳು ಉಪ್ಪುಕಾಗದ ಎನ್ನುತ್ತಾರಲ್ಲ ಅದೇ, ಮೊದಲು 400ರ ನಯದ್ದು, ಪ್ರೈಮರ್ ಹೊಡೆದ ಮೇಲೆ 600ರದ್ದು. ಇಲ್ಲಿ ಸೋಮಾರಿತನ ಮಾಡಿದರೆ ಮುಂದೆ ದೇವರೂ ಕಾಪಾಡಲಾರ. ಹೊಳಪು ತಪ್ಪನ್ನು ಮುಚ್ಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಮುಚ್ಚುವುದಿರಲಿ, ಊರಿಗೆಲ್ಲ ಸಾರುತ್ತದೆ! ಅದರಲ್ಲೂ ಕಪ್ಪು ಬಣ್ಣವಾದರೆ ಕೇಳುವುದೇ ಬೇಡ. ಅತ್ತೆ ಕಣ್ಣು ಮುಚ್ಚಿ ಕೊಳವೆಯ ಮೇಲೆ ಬೆರಳಾಡಿಸಿ, "ಇಲ್ಲಿನ್ನೂ ತರಿ ಇದೆ ಕಣೋ," ಎನ್ನುವರು. ಅವನು ಮತ್ತೆ ಉಜ್ಜುವನು. ಅಕ್ಕಿ ರವೆಯ ತರಿ ಬೆರಳಲ್ಲಿ ನೋಡಿದ ಕೈ ಅದು.

ಅಂಥ ರಾಕೆಟ್ಟಿಗೆ ಅಚ್ಚ ಕಪ್ಪು ಬಣ್ಣವಾಯಿತು. ಪೊಟ್ಟಣದಲ್ಲಿ ನೀರಲ್ಲಿ ನೆನೆಸಿ ಅಂಟಿಸುವ ಚಿತ್ರಗಳೂ ಇದ್ದವು. ಅದಕ್ಕೆ ನಾಲ್ಕು ದಿನ ಹಿಂದೆ ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅಂಗಳದ ರಂಗೋಲಿ ನೋಡಿ ಮಗ ಕೇಳಿದ್ದ, ಇದು ಯಾರು ಮಾಡಿದ್ದು ಎಂದು. "ಅಜ್ಜಿ" ಎಂದಿದ್ದೆ. "ಈಗ ಯಾಕೆ ಮಾಡಲ್ಲ?" ಎಂದಾಗ ನನ್ನ ಹತ್ತಿರ ಉತ್ತರವಿರಲಿಲ್ಲ, ಅತ್ತೆಯೂ ಎದ್ದು ಒಳಗೆ ಹೋದರು. ಈಗ ಅವನು ಆ ಚಿತ್ರಗಳನ್ನು ಬದಿಗಿಟ್ಟು, ಕಪ್ಪು ಕೊಳವೆಯನ್ನೂ ಬಿಳಿ ಬಣ್ಣದ ಪುಟ್ಟ ಕುಪ್ಪಿಯನ್ನೂ ಅಜ್ಜಿಯ ಮುಂದಿಟ್ಟ.

"ಅಜ್ಜಿ, ಇದು ಖಾಲಿ ಇದೆ. ಕಪ್ಪು ನೆಲ. ನೀನು ಮಾಡು."

ನಾನು ಒಲೆಯ ಮುಂದೆ ನಿಂತವಳು ಹಿಂತಿರುಗಿ ನೋಡಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಅತ್ತೆಯ ದನಿ ಕೇಳಿತು. "ಒಂದು ಊದಿನಕಡ್ಡಿ ಕೊಡೇ. ಉರಿಸಿದ್ದಾದರೂ ಆದೀತು, ಬರೀ ಕಡ್ಡಿ ಸಾಕು."

ಚುಕ್ಕಿ ಇಡಲು ಕಡ್ಡಿಯ ತುದಿ, ಎಳೆ ಎಳೆಯಲು ಮಗನ ಸಣ್ಣ ಕುಂಚ. ಕೊಳವೆಯ ಸುತ್ತಳತೆ 13 ಸೆಂಟಿಮೀಟರ್. ಮಗ ಸ್ಕೇಲು ಹಿಡಿದು, ಸೆಂಟಿಮೀಟರಿಗೊಂದರಂತೆ ಹದಿಮೂರು ಚುಕ್ಕಿ ಇಡೋಣವೆಂದ. "ಹದಿಮೂರು ಆಗಲ್ಲ ಮಗೂ, ಎಳೆ ಕೂಡಲ್ಲ. ಹನ್ನೆರಡು ಇಡು," ಎಂದರು ಅತ್ತೆ. ಅಳೆಯಲು ಅವರಿಗೆ ಸ್ಕೇಲೂ ಬೇಡ. ಕಾಗದದ ಪಟ್ಟಿಯನ್ನು ಕೊಳವೆಗೆ ಒಂದು ಸುತ್ತು ಸುತ್ತಿ ಕತ್ತರಿಸಿ, ಅದನ್ನು ಮೂರು ಮಡಿಕೆ ಮಾಡಿ, ಅದನ್ನೇ ಎರಡು, ಮತ್ತೆ ಎರಡು. ಬಿಚ್ಚಿದರೆ ಹನ್ನೆರಡು ಸಮಭಾಗ!

ಹದಿಮೂರು ಯಾಕಾಗದು? ನೀವೂ ಯೋಚಿಸಿ. ನೆಲದ ಬಳ್ಳಿಗೆ ಒಂದು ಕೊನೆಯಿರುತ್ತದೆ. ಕೊಳವೆಯ ಮೇಲೆ ಸುತ್ತುವ ಬಳ್ಳಿಗೆ ಕೊನೆಯೇ ಇಲ್ಲ. ಒಂದು ಚುಕ್ಕಿಯ ಮೇಲೆ, ಮುಂದಿನದರ ಕೆಳಗೆ ಎಂದು ಎಳೆ ಸಾಗಿದರೆ, ಒಂದು ಸುತ್ತು ಮುಗಿಸಿ ಬಂದಾಗ ಹೊರಟ ಜಾಗಕ್ಕೇ ಕೂಡಬೇಕಾದರೆ ಚುಕ್ಕಿಗಳು ಸರಿಸಂಖ್ಯೆಯಲ್ಲಿರಬೇಕು. ಬೆಸವಾದರೆ ಮೇಲೆ ಹೋಗಬೇಕಾದ ಎಳೆ ಕೆಳಗೆ ಬಂದು ನಿಲ್ಲುತ್ತದೆ. ಮಗ ಕಾಗದದ ಮೇಲೆ ಐದು ಚುಕ್ಕಿ, ಆರು ಚುಕ್ಕಿ ಹಾಕಿ ತಾನೇ ಪರೀಕ್ಷೆ ಮಾಡಿ, "ಅಜ್ಜಿಗೆ ಹೇಗೆ ಗೊತ್ತು!" ಎಂದು ಕುಣಿದಾಡಿದ. ಬುಡದಲ್ಲೊಂದು, ಮೂತಿಯ ಕೆಳಗೊಂದು, ಎರಡು ಬಳ್ಳಿ ಸುತ್ತಿದವು. ಮಧ್ಯೆ ಒಂದು ಎಂಟೆಸಳಿನ ಪದ್ಮ. ಎಸಳೊಂದರಲ್ಲಿ ಕೈ ಸ್ವಲ್ಪ ನಡುಗಿದ್ದು ಕಾಣುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಬರೆಯಬಹುದಿತ್ತು, ಅವರು ಬರೆಯಲಿಲ್ಲ.

ಈಗ ಬಂತು ನೋಡಿ ಸಂಕಟ. ಆ ಬಿಳಿ ಬಣ್ಣ ನೀರಿನದು, ಉಗುರು ತಾಗಿದರೂ ಎದ್ದುಬರುವಂಥದ್ದು. ಅದರ ಮೇಲೆ ಕ್ಲಿಯರ್ ಕೂರಲೇಬೇಕು. ಆದರೆ ಆಗ ಜುಲೈ. ಅಲಬಾಮದ ಜುಲೈ ಎಂದರೆ ನಮ್ಮ ಮಲೆನಾಡಿನ ಆಷಾಢವನ್ನು ಬಿಸಿ ಮಾಡಿದ ಹಾಗೆ. ಇಂಥ ಹವೆಯಲ್ಲಿ ಲ್ಯಾಕರ್ ಹೊಡೆದರೆ ಹೊಳಪಿನ ಬದಲು ಹಾಲು ಚೆಲ್ಲಿದಂಥ ಮಬ್ಬು ಕೂರುತ್ತದೆ. ದ್ರಾವಕ ಭರಭರನೆ ಆವಿಯಾಗುವಾಗ ಮೈಯನ್ನು ತಂಪು ಮಾಡುತ್ತದೆ, ಅಂಗೈಗೆ ಸ್ಪಿರಿಟ್ ಸವರಿದರೆ ತಣ್ಣಗಾಗುವ ಹಾಗೆ. ತಣ್ಣಗಾದ ಮೈಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ, ಆ ಹನಿ ಲೇಪದೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಕಪ್ಪಿನ ಮೇಲೆ ಅದು ಬೂದಿ ಎರಚಿದಂತೆ ಕಾಣುವುದು. ನಮ್ಮ ಡಬ್ಬಿಯ ಮೇಲೆ ತೇವಾಂಶ ಶೇಕಡ 65ಕ್ಕಿಂತ ಕಡಿಮೆ ಇರಲಿ ಎಂದು ಬರೆದಿತ್ತು. ನಮ್ಮಲ್ಲಿ ಬೆಳಗ್ಗೆ ಎದ್ದರೆ ಕಿಟಕಿಯ ಗಾಜೇ ಬೆವರುತ್ತಿತ್ತು.

ಅತ್ತೆಗೆ ಈ ಶೇಕಡ ಗಿಕಡ ಬೇಡ. ಇಂಡಿಯನ್ ಅಂಗಡಿಯಿಂದ ತಂದ ಕಲ್ಲುಪ್ಪನ್ನು ಒಂದು ತಟ್ಟೆಯಲ್ಲಿ ಹರವಿ ಹಿಂಬಾಗಿಲ ಹತ್ತಿರ ಇಟ್ಟರು. "ಉಪ್ಪು ನೀರೊಡೆದ ದಿನ ಸಂಡಿಗೆ ಇಡಬಾರದು. ಇದಕ್ಕೂ ಅದೇ," ಎಂದರು. ಇದರಲ್ಲಿ ವಿಜ್ಞಾನವೂ ಇದೆ. ಸಾದಾ ಉಪ್ಪು ಗಾಳಿಯ ತೇವ ಸುಮಾರು ಶೇಕಡ 75 ದಾಟಿದಾಗ ನೀರೊಡೆಯುತ್ತದೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದಕ್ಕೂ ಮುಂಚೆಯೇ. ಇಡೀ ಜುಲೈ ಉಪ್ಪು ಒದ್ದೆ. ಆಗಸ್ಟೂ ಒದ್ದೆ. ಹುಡುಗ ದಿನವೂ ಶಾಲೆಯಿಂದ ಬಂದವನೇ ಚೀಲ ಎಸೆದು ತಟ್ಟೆ ಮುಟ್ಟಿ ನೋಡುವನು. ಅತ್ತೆಗೆ ನವರಾತ್ರಿಗೆ ಊರಲ್ಲಿರಬೇಕು. ಅಕ್ಟೋಬರ್ ಎರಡನೆಯ ವಾರಕ್ಕೆ ಟಿಕೆಟ್ ಆಗಿತ್ತು. ಮನೆಯೊಳಗೆ ಏರ್ ಕಂಡಿಷನ್ ಇದೆಯಲ್ಲ, ಒಳಗೇ ಹೊಡೆಯೋಣ ಎಂದು ಅವನ ಹಟ. ಅದು ಮಾತ್ರ ಕೂಡದು ಎಂದೆ. ಈ ಡಬ್ಬಿಗಳ ಆವಿ ಉಸಿರಿಗೂ ಕೆಟ್ಟದ್ದು, ಬೆಂಕಿಗೂ ಹತ್ತುತ್ತದೆ. ನೀರು ಕಾಯಿಸುವ ಗ್ಯಾಸ್ ಹಂಡೆಯ ಪುಟ್ಟ ಜ್ವಾಲೆ ಸಾಕು ಅನಾಹುತಕ್ಕೆ. ನೀವೂ ಇಂಥ ಕೆಲಸಕ್ಕೆ ಬಯಲಿಗೇ ಬನ್ನಿ, ಮೂಗಿಗೆ ಮುಸುಕು ಕಟ್ಟಿ, ಅಗರಬತ್ತಿಯೂ ಉರಿಯದಿರಲಿ.

ಸೆಪ್ಟೆಂಬರ್ ಕೊನೆಯ ವಾರ ಉತ್ತರದ ಒಣಗಾಳಿ ಬೀಸಿತು. ಬೆಳಗ್ಗೆ ಹತ್ತು ಗಂಟೆಗೆ ಅತ್ತೆ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಹರಳು ಹರಳಾಗಿ ಉದುರಿತು. ಅದೃಷ್ಟಕ್ಕೆ ಅಂದು ಶನಿವಾರ.

ಹೊಡೆಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ನಿಮ್ಮ ಮನೆಯ ಕೆಲಸಕ್ಕೂ ಬರುತ್ತದೆ. ಸುಟ್ಟುಹೋದ ಹಳೆಯ ಎಂಜಿನ್ನಿನ ಖಾಲಿ ಕೋಶವನ್ನು ಕೋಲೊಂದರ ತುದಿಗೆ ಅಂಟಿಸಿ ರಾಕೆಟ್ಟಿನ ಬುಡಕ್ಕೆ ತೂರಿಸಿದರೆ ಹಿಡಿಯಲು ಹಿಡಿಕೆಯಾಯಿತು, ಬೆರಳ ಗುರುತು ಬೀಳದು. ಮೂತಿಯ ಕೆಳಗೆ ಕೊಳವೆಯೊಳಗೆ ಕೂರುವ ಕತ್ತಿಗೆ ಟೇಪು ಸುತ್ತಲೇಬೇಕು. ಅಲ್ಲಿಗೆ ಒಂದು ಪದರ ಲೇಪ ಹತ್ತಿದರೂ ಮೂತಿ ಬಿಗಿಯಾಗಿ, ಮೇಲೆ ಹೋದ ಮೇಲೆ ಬಿಚ್ಚಿಕೊಳ್ಳದೆ, ಪ್ಯಾರಾಚೂಟು ಹೊರಬರದೆ ರಾಕೆಟ್ ಈಟಿಯ ಹಾಗೆ ನೆಲಕ್ಕೆ ನೆಟ್ಟುಕೊಳ್ಳುತ್ತದೆ. ಹಾರಿಸುವಾಗ ಸರಳಿಗೆ ಪೋಣಿಸುವ ಸಣ್ಣ ನಳಿಗೆಯ ಬಾಯಿಯನ್ನೂ ಹಾಗೇ ಕಾಪಾಡಬೇಕು. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಹನಿ ನಯವಾಗಿ ಬರುತ್ತದೆ. ಉಗುರುಬೆಚ್ಚಗೆ ಎಂದರೆ ಮಗುವಿಗೆ ಎರೆಯುವ ನೀರಿಗಿಂತಲೂ ಕಡಿಮೆ, ಒಲೆಯ ಹತ್ತಿರವಂತೂ ಒಯ್ಯಲೇಬೇಡಿ, ಸಿಡಿಯುತ್ತದೆ. ಆಮೇಲೆ ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ, ಒಂದು ಗೇಣಿಗಿಂತ ತುಸು ದೂರ ಹಿಡಿದು, ರಾಕೆಟ್ಟಿನ ಆಚೆಗೇ ಒತ್ತಲು ಶುರುಮಾಡಿ, ಮೈ ದಾಟಿ ಈಚೆಗೆ ಬಂದ ಮೇಲೆ ಬೆರಳು ತೆಗೆಯಬೇಕು. ಮೈಮೇಲೆ ನಿಲ್ಲಿಸಿದರೆ ಅಲ್ಲೇ ಹನಿ ಇಳಿಯುತ್ತದೆ.

ಮೊದಲ ಎರಡು ಕೈ ಮಂಜಿನ ಹಾಗೆ, ಬಿದ್ದಿತೋ ಇಲ್ಲವೋ ಎಂಬಷ್ಟು. ರಂಗೋಲಿಯ ಬಣ್ಣವಾಗಲಿ, ಅಂಟಿಸಿದ ಚಿತ್ರಗಳಾಗಲಿ, ಒಮ್ಮೆಲೇ ತೊಯ್ದರೆ ಕದಡಿಹೋಗುವ ಭಯ. ಆ ಮಂಜು ಆರಿ ಕವಚವಾದ ಮೇಲೆ ಮೂರನೆಯ ಕೈ ಮಾತ್ರ ಧಾರಾಳ, ಒದ್ದೆಯಾಗಿ ಹೊಳೆಯುವಷ್ಟು. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಕೈ, ಇನ್ನೊಂದು ಕೈ ಎನ್ನುವ ಆಸೆ ರಾಕೆಟ್ಟಿಗೆ ಒಳ್ಳೆಯದಲ್ಲ. ತೂಕವೆಲ್ಲ ಬುಡದ ರೆಕ್ಕೆಗಳ ಕಡೆ ಹೆಚ್ಚಿದರೆ ಹಾರುವಾಗ ಓಲಾಡುತ್ತದೆ. ಬಿಳಿ ಇರುವ ಕಡೆ ಅಕ್ರಿಲಿಕ್ ಕ್ಲಿಯರೇ ಮೇಲು. ಎನಾಮಲ್ ಕ್ಲಿಯರ್ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ.

ಚನ್ನಪಟ್ಟಣದ ಗೊಂಬೆಗಳಿಗೆ ಈ ಯಾವ ತಾಪತ್ರಯವೂ ಇಲ್ಲ ನೋಡಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹತ್ತುತ್ತದೆ, ತಾಳೆಗರಿಯಲ್ಲಿ ತೀಡಿದರೆ ಹೊಳೆಯುತ್ತದೆ. ಬಣ್ಣ, ಹೊಳಪು ಎರಡೂ ಒಂದೇ ಅರಗಿನಲ್ಲಿ. ಮಗನ ರಾಕೆಟ್ ಕೂಟದ ಹಿರಿಯರೊಬ್ಬರು ಇನ್ನೊಂದು ಸ್ವಾರಸ್ಯ ಹೇಳಿದರು. ಇಲ್ಲಿನ ಹವ್ಯಾಸಿಗಳು ಬಹಳ ವರ್ಷ ಕ್ಲಿಯರ್ ಕೋಟಿಗೆ ಬಳಸುತ್ತಿದ್ದದ್ದು ಗೃಹಿಣಿಯರು ನೆಲಕ್ಕೆ ಬಳಿಯುತ್ತಿದ್ದ 'ಫ್ಯೂಚರ್' ಎಂಬ ಪಾಲಿಶನ್ನಂತೆ. ಅದೂ ಅಕ್ರಿಲಿಕ್ಕೇ. ಕುಂಚದಲ್ಲಿ ಬಳಿದರೂ ತಾನಾಗಿ ಸಮನಾಗಿ ಹರಡುತ್ತಿತ್ತು, ಚೆನ್ನಾಗಿ ಬರಲಿಲ್ಲವೆಂದರೆ ಅಮೋನಿಯ ಬೆರೆಸಿದ ನೀರಿನಲ್ಲಿ ಒರೆಸಿ ತೆಗೆಯಬಹುದಿತ್ತು. ಆ ಹೆಸರಿನಲ್ಲಿ ಈಗ ಅದು ಸಿಗದು. ಹೆಂಡತಿಯ ಡಬ್ಬಿ ಕದ್ದು ರಾಕೆಟ್ಟಿಗೆ ಬಳಿದ ಗಂಡಂದಿರು ಎಷ್ಟು ಜನವೋ!

ಲೇಪ ಬಿದ್ದ ಕ್ಷಣದಲ್ಲಿ ಮಾಸಲು ಕಪ್ಪು ಕಾಡಿಗೆಯ ಹಾಗೆ ಆಳವಾಯಿತು, ಎಳೆಗಳು ನೀರೊಳಗೆ ಬರೆದ ಹಾಗೆ ಎದ್ದು ಬಂದವು. ಅತ್ತೆ ಕನ್ನಡಕ ಏರಿಸಿ ಹತ್ತಿರ ಬಂದು, "ಇನ್ನು ಅಳಿಸೋಕಾಗಲ್ಲ ಅಲ್ವೇನೇ?" ಎಂದರು. "ಇಲ್ಲ ಅತ್ತೆ," ಎಂದೆ. ಯೋಚಿಸಿ ನೋಡಿ, ಐವತ್ತು ವರ್ಷ ದಿನವೂ ಬೆಳಗ್ಗೆ ಹಾಕಿದ ರಂಗೋಲಿ ಮಧ್ಯಾಹ್ನದೊಳಗೆ ಕಾಲಿಗೋ ಗಾಳಿಗೋ ಹೋಗುವುದನ್ನೇ ನೋಡಿದವರು ಅವರು.

ವಾರ ಒಣಗಿಸಿದೆವು. ಹೊಳಪು ಬಂದದ್ದೇ ಹುಡುಗನ ಮನಸ್ಸು ತಿರುಗಿತು. ಹಾರಿಸುವುದಿಲ್ಲ, ಕಪಾಟಿನಲ್ಲಿಡುತ್ತೇನೆ ಎಂದ. ಮರಕ್ಕೆ ಸಿಕ್ಕರೆ? ರಸ್ತೆಗೆ ಬಿದ್ದರೆ? ನನಗೂ ಒಳಗೊಳಗೆ ಅದೇ ಸರಿಯೆನಿಸಿತ್ತು, ನಿಜ ಹೇಳಬೇಕೆಂದರೆ. ಅತ್ತೆ ಒಪ್ಪಲಿಲ್ಲ. "ಹಾರಿಸೋಕಂತ ತಾನೇ ಮಾಡಿದ್ದು? ಹಾಗಿದ್ದರೆ ನಾನು ಗೋಡೆ ಮೇಲೇ ಬರೀತಿದ್ದೆ," ಎಂದರು. ಅವರು ಬಂದಾಗಿನಿಂದ ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಅಕ್ಟೋಬರ್ ಮೊದಲ ವಾರ, ಭಾನುವಾರ, ಗಾಳಿಯಿಲ್ಲದ ಬೆಳಗ್ಗೆ. ಪ್ಯಾರಾಚೂಟು ಸುಡದಂತೆ ಬೆಂಕಿ ಹತ್ತದ ಕಾಗದ ತುರುಕಿ, ಮೂತಿಯನ್ನು ನಾಲ್ಕು ಸಲ ಹಾಕಿ ತೆಗೆದು ಸಡಿಲ ನೋಡಿಕೊಂಡ. ಎಂಜಿನ್ನಿನ ಮೇಲೆ ಬಿ6-4 ಎಂದಿತ್ತು. ಬಿ ಎಂದರೆ ಒಟ್ಟು ಶಕ್ತಿಯ ದರ್ಜೆ, 6 ಎಂದರೆ ತಳ್ಳುವ ಬಲದ ಸರಾಸರಿ, 4 ಎಂದರೆ ಉರಿ ಮುಗಿದ ಮೇಲೆ ಪ್ಯಾರಾಚೂಟು ಹೊರಬರಲು ಹಿಡಿಯುವ ಸೆಕೆಂಡುಗಳು. ಐದರಿಂದ ಕೆಳಗೆ ಎಣಿಸಲು ಅಜ್ಜಿಗೆ ಹೇಳಿದ. "ಹಿಂದು ಮುಂದಾಗಿ ಯಾಕೋ ಎಣಿಸೋದು?" ಎಂದು ನಕ್ಕು, ಐದು, ನಾಲ್ಕು, ಮೂರು ಎಂದರು. ಒಂದು ಎನ್ನುವಷ್ಟರಲ್ಲಿ ಸೆರಗು ಬಾಯಿಗೆ ಬಂದಿತ್ತು.

ಸುಯ್ಯೆಂದು ಹೋಯಿತು. ಬಿಸಿಲಿಗೆ ಒಮ್ಮೆ ಫಳಕ್ಕೆಂದು ಮಿಂಚಿತು, ಆಮೇಲೆ ಬರೀ ಹೊಗೆಯ ಗೆರೆ. ಎಣಿಸಿದ ಹಾಗೆ ನಾಲ್ಕು ಸೆಕೆಂಡಿಗೆ ಟಪ್ ಎಂದಿತು, ಕೊಡೆ ಬಿಚ್ಚಿತು. ನಮ್ಮತ್ತೆ ಹುಲ್ಲಿನಲ್ಲಿ ಚಪ್ಪಲಿ ಬಿಟ್ಟು ಅದು ಇಳಿಯುವ ಕಡೆ ಓಡಿದರು. ಎಪ್ಪತ್ತಮೂರು ವರ್ಷ ಅವರಿಗೆ. ಕಲ್ಲಿಗೆ ತಾಗಿ ಒಂದು ರೆಕ್ಕೆಯ ತುದಿ ಚಕ್ಕೆ ಎದ್ದಿತ್ತು, ಪದ್ಮಕ್ಕೆ ಏನೂ ಆಗಿರಲಿಲ್ಲ. ಅಂಥ ಚಕ್ಕೆಗೆ ಇಡೀ ಮೈ ಬಣ್ಣ ಬೇಡ. ಆ ಜಾಗವನ್ನಷ್ಟೇ 600ರ ಕಾಗದದಲ್ಲಿ ನೀರು ಮುಟ್ಟಿಸಿ ಉಜ್ಜಿ, ಬಣ್ಣ ತಾಗಿಸಿ, ಆರಿದ ಮೇಲೆ ಮಂಜಿನಂತೆ ಎರಡು ಕೈ ಕ್ಲಿಯರ್ ಹೊಡೆದರೆ ಗುರುತೇ ಸಿಗದು.

ನಿಮ್ಮಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಕ್ಲಿಯರ್ ಲ್ಯಾಕರ್ ಸ್ಪ್ರೇ ಎಂದು ಕೇಳಿದರೆ ಕೊಡುತ್ತಾರೆ. ದಸರಾ ಬೊಂಬೆಗಳ ಮಾಸಿದ ಮರದ ಪಟ್ಟದ ಜೋಡಿಗೆ, ಮಕ್ಕಳು ಶಾಲೆಗೆ ಮಾಡುವ ಮಾದರಿಗಳಿಗೆ ಹೊಡೆಯಬಹುದು. ಮೊದಲು ಬೊಂಬೆಯ ತಳದಲ್ಲಿ, ಕಾಣದ ಕಡೆ ಪರೀಕ್ಷಿಸಿ. ಮಳೆಗಾಲದಲ್ಲಂತೂ ಬೇಡ. ಉಪ್ಪಿನ ತಟ್ಟೆ ನೆನಪಿರಲಿ.

ಅತ್ತೆ ನವರಾತ್ರಿಗೆ ಊರು ಸೇರಿದರು. ಅಟ್ಟದ ಡಬ್ಬಿ ಕೆಳಗಿಳಿಯಿತೇ ಎಂದು ನಾನು ಕೇಳಿಲ್ಲ. ಭಾನುವಾರ ಭಾನುವಾರ ಫೋನ್ ಮಾಡಿದಾಗ ಮೊಮ್ಮಗನನ್ನೇ ಕರೆಯುತ್ತಾರೆ. ಈಗ ಅವನು ಅರ್ಧ ಕನ್ನಡದಲ್ಲಿ ಉತ್ತರಿಸುತ್ತಾನೆ. ಮೊನ್ನೆ ಅವರು ಕೇಳಿದ್ದು, ಇನ್ನೂ ದಪ್ಪನೆಯ ಕೊಳವೆ ಸಿಗುತ್ತದೆಯೇ, ಹದಿನಾರು ಚುಕ್ಕಿಯದ್ದು ಹಿಡಿಸಬೇಕಾಗಿದೆ ಎಂದು.